ಒಂದು ಉಸಿರಿಗೆ ಒಂದು ವಾಕ್ಯ

ಭಾನುವಾರ ಬೆಳಿಗ್ಗೆ ನನಗೆ ಹೊಟ್ಟೆನೋವು ಬರುತ್ತಿತ್ತು. ವಾರದ ಬೇರೆ ದಿನ ಇಲ್ಲ. ನಾನು ದಿನಚರಿ ಬರೆಯುವವಳು. ತಾರೀಕು, ಬಸ್ಸು ಸಿಕ್ಕ ಹೊತ್ತು, ಎಷ್ಟು ಪುಟ ಓದಿದೆ, ಎಷ್ಟು ಸಾಲು ಬರೆದೆ ಎಂದು ಗುರುತು ಹಾಕಿಕೊಳ್ಳುವುದು ಶಾಲೆಯ ದಿನಗಳಿಂದ ಬಂದ ಅಭ್ಯಾಸ. ಹಾಗಾಗಿ ಆ ನೋವು ಭಾನುವಾರದ್ದು ಮಾತ್ರ ಎಂದು ಖಚಿತವಾಗಿ ಹೇಳಬಲ್ಲೆ. ಅದು ಸರ್ ನನ್ನ ಪುಟ ಓದುವ ದಿನ.

"ಯಾಕವಾ, ಮತ್ತ ಹೊಟ್ಟಿ ಹಿಡಕೊಂಡು ಕುಂತಿ?" ಎಂದು ಅವ್ವ ಕೇಳುತ್ತಿದ್ದಳು. ನಮ್ಮದು ಗದಗಿನ ಕಡೆಯ ಮನೆತನ. ಅಜ್ಜ ಬಟ್ಟೆ ವ್ಯಾಪಾರಕ್ಕೆಂದು ಚೆನ್ನೈಗೆ ಬಂದವರು. ಅವ್ವನ ಮಾತು ಇನ್ನೂ ಆ ಕಡೆಯದೇ. "ಅಷ್ಟ ಅಂಜಿಕಿ ಆದ್ರ ಹೋಗಬ್ಯಾಡ. ಆ ಮುದುಕಪ್ಪ ನಿನ್ನ ನೌಕರಿ ಕಸಗೊಂತಾನೇನು?"

"ಪೋಯೇ ಆಗಣುಂಮಾ," ಎನ್ನುತ್ತಿದ್ದೆ, ಹೋಗಲೇಬೇಕಮ್ಮಾ ಎಂದು, ತಮಿಳಿನಲ್ಲಿ. ಇಲ್ಲಿ ಶಾಲೆ ಕಲಿತ ನನಗೆ ಕನ್ನಡ ಕಿವಿಗೆ ಗೊತ್ತಿತ್ತು, ನಾಲಿಗೆಗೆ ಅರ್ಧ ಗೊತ್ತಿತ್ತು, ಕೈಗೆ ಏನೂ ಗೊತ್ತಿರಲಿಲ್ಲ. ಕೈಗೆ ಕಲಿಸಿದವರು ಸರ್.

ಅವರ ಹೆಸರು ಬರೆಯುವುದಿಲ್ಲ. ಅವರಿಗೆ ಇಷ್ಟವಾಗುತ್ತಿರಲಿಲ್ಲ. ನೌಕರಿಯ ಬಹುಪಾಲು ಅವರು ರೈಲ್ವೆಯಲ್ಲಿ ಪ್ರಕಟಣೆ ಕೂಗುತ್ತಿದ್ದರು. ಈಗಿನ ಹಾಗೆ ಯಂತ್ರದ ದನಿ ಬರುವ ಮುಂಚೆ ದೊಡ್ಡ ಸ್ಟೇಷನ್ನಿನಲ್ಲಿ ಒಂದು ಗಾಜಿನ ಗೂಡಿತ್ತಂತೆ, ಅದರೊಳಗೆ ಒಂದು ಮೈಕು, ಒಂದು ಸ್ವಿಚ್ಚು. ಯಾವ ರೈಲು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಮೂರು ಭಾಷೆಯಲ್ಲಿ ಹೇಳುವುದು ಕೆಲಸ. "ಊರಿಗೆ ಊರೇ ನನ್ನ ಮಾತು ಕೇಳ್ತಿತ್ತು, ಒಬ್ಬರಿಗೂ ನನ್ನ ಹೆಸರು ಗೊತ್ತಿರಲಿಲ್ಲ. ಬರೆಯೋರೂ ಹಾಗೇ ಇರಬೇಕು," ಎನ್ನುತ್ತಿದ್ದರು.

ಮನೆ ಪುರಸೈವಾಕ್ಕಂನ ಅಂಗಡಿ ಬೀದಿಯಲ್ಲಿ, ಒಂದು ಪಾತ್ರೆ ಅಂಗಡಿಯ ಮೇಲೆ, ಮೂರನೆಯ ಮಹಡಿ. ಲಿಫ್ಟಿಲ್ಲ. ಭಾನುವಾರ ಹತ್ತಕ್ಕೆ ಅಲ್ಲಿ ನಾಲ್ಕೈದು ಜನ ಕನ್ನಡದವರು ಸೇರುತ್ತಿದ್ದೆವು. ಎಲ್ಲರಿಗೂ ಬರೆಯುವ ಹುಚ್ಚು. ನಾನು ಮಾಧವರಂನಲ್ಲಿ ಒಂದು ಡೇರಿಯ ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಮೊದಲ ದಿನ ಅವರು ಕೇಳಿದ್ದು ಅದನ್ನೇ.

"ಹಾಲು ಕೆಟ್ಟಿದೆ ಅಂತ ಹೇಗಮ್ಮ ತಿಳಿಯತ್ತೆ?"

"ಮೊದಲು ಮೂಸಿ ನೋಡ್ತೀವಿ ಸರ್. ಆಮೇಲೆ ಮೆಷೀನು."

"ಇಲ್ಲೂ ಅದೇ. ಮೊದಲು ಬಾಯಿ, ಆಮೇಲೆ ವ್ಯಾಕರಣ. ಬಾ, ಹಾಲ್ನೋಳೇ, ಕೂತ್ಕೋ."

ಅಂದಿನಿಂದ ನನ್ನ ಹೆಸರು ಹಾಲ್ನೋಳು.

ಅವರ ಪಾಠದ ನಿಯಮ ಒಂದೇ. ಬರೆದವರು ಪುಟವನ್ನು ಅವರ ಕೈಗೆ ಕೊಟ್ಟು ಎದುರಿಗೆ ಕೂರಬೇಕು. ಕೈಯಲ್ಲಿ ಪೆನ್ನಿರಕೂಡದು, ಫೋನಿರಕೂಡದು. ಅವರು ಸ್ಟೀಲಿನ ಲೋಟದಿಂದ ಒಂದು ಗುಟುಕು ಬಿಸಿನೀರು ಕುಡಿದು, ಹೆಬ್ಬೆರಳನ್ನು ಮೇಜಿನ ಮೇಲೆ ಒತ್ತುತ್ತಿದ್ದರು. ಹಳೆಯ ಸ್ವಿಚ್ಚಿನ ಅಭ್ಯಾಸ. ಬೆರಳು ಒತ್ತಿದ ಮೇಲೆ ಯಾರೂ ಮಾತಾಡುವ ಹಾಗಿಲ್ಲ. ಆಮೇಲೆ ಗಟ್ಟಿಯಾಗಿ ಓದುತ್ತಿದ್ದರು, ಒಂದು ಉಸಿರಿಗೆ ಒಂದು ವಾಕ್ಯ. ವಾಕ್ಯ ಸರಿಯಿದ್ದರೆ ಉಸಿರು ತಾನಾಗಿ ಅದರ ಕೊನೆ ಮುಟ್ಟುತ್ತದೆ. ನಡುವೆ ಅವರು ನಿಂತರೆ ಅಲ್ಲೇನೋ ಕೆಟ್ಟಿದೆ. ನಿಂತ ಕಡೆ ನೀಲಿ ಪೆನ್ಸಿಲ್ಲಿನಲ್ಲಿ ಒಂದು ಸಣ್ಣ ಗೆರೆ. ಮುಂದಿನ ವಾರ ತಿದ್ದಿ ತಂದರೆ ಮತ್ತೆ ಓದುತ್ತಾರೆ. ಎಲ್ಲೂ ನಿಲ್ಲದೆ ಕೊನೆ ಮುಟ್ಟಿದರೆ ಪುಟದ ಕೆಳಗೆ "ಸರಿ" ಎಂದು ಬರೆದು ಕೊಡುತ್ತಾರೆ. ಅಷ್ಟೇ ಬಹುಮಾನ.

"ಏನು ತಪ್ಪಾಗಿದೆ ಸರ್?" ಎಂದು ಶುರುವಿನಲ್ಲಿ ಕೇಳಿದ್ದೆ.

"ನನಗೇನು ಗೊತ್ತು? ನಾನು ನಿಂತೆ. ಯಾಕೆ ನಿಂತೆ ಅಂತ ನೀನು ಹುಡುಕು."

ನಮ್ಮ ವಾಕ್ಯ ಇನ್ನೊಬ್ಬರ ಬಾಯಿಂದ ಬರುವುದನ್ನು ಕೇಳುವುದು ಎಂಥ ಹಿಂಸೆ ಎಂದು ಕೇಳಿದವರಿಗೇ ಗೊತ್ತು. ಮನೆಯಲ್ಲಿ ಬರೆಯುವಾಗ ಎಷ್ಟು ಚೆಂದವಿದ್ದದ್ದು ಅವರ ದನಿಯಲ್ಲಿ ಬೆತ್ತಲೆ ನಿಲ್ಲುತ್ತಿತ್ತು. ಒಮ್ಮೆ ನಾನು "ಹೃದಯವಿದ್ರಾವಕ" ಎಂದು ಬರೆದಿದ್ದೆ, ನಿಘಂಟಿನಿಂದ ಹುಡುಕಿ. ಅವರು ಅಲ್ಲಿ ನಿಂತರು. ಗೆರೆ ಎಳೆದರು. ಅಪರೂಪಕ್ಕೆ ಒಂದು ಮಾತನ್ನೂ ಸೇರಿಸಿದರು. "ಈ ಮಾತನ್ನ ನಿಮ್ಮಮ್ಮನ ಹತ್ತಿರ ಯಾವತ್ತಾದ್ರೂ ಆಡಿದೀಯಾ?"

"ಇಲ್ಲ ಸರ್. ಆಡಿದ್ರೆ ಅವ್ವ ಡಾಕ್ಟ್ರನ್ನ ಕರೀತಾಳೆ."

ಅವರು ನಕ್ಕರು. ದೊಡ್ಡ ನಗು. ಆಗ ಅಷ್ಟು ಉಸಿರಿತ್ತು.

ಹೆದರಿಕೆಯ ಬಗ್ಗೆ ಅವರಿಗೆ ಸ್ವಂತ ಅಭಿಪ್ರಾಯವಿತ್ತು. ನಿವೃತ್ತಿಯ ದಿನದವರೆಗೂ ಸ್ವಿಚ್ಚು ಒತ್ತುವ ಮುಂಚೆ ತಮ್ಮ ಬಾಯಿ ಒಣಗುತ್ತಿತ್ತು ಎಂದು ಹೇಳುತ್ತಿದ್ದರು. ಹೊಸದರಲ್ಲಿ ಒಂದು ಸಂಜೆ ಯಾವುದೋ ರೈಲಿನ ಪ್ಲಾಟ್‌ಫಾರ್ಮು ಬದಲಾಯಿತಂತೆ. ಇವರು ರೈಲಿನ ಹೆಸರು, ಹೋಗುವ ಊರು, ಆದ ತಡ, ತಡಕ್ಕೆ ವಿಷಾದ, ಎಲ್ಲ ಹೇಳಿ ಕೊನೆಗೆ ಪ್ಲಾಟ್‌ಫಾರ್ಮಿನ ಸಂಖ್ಯೆ ಹೇಳಿದರು. ಗಾಜಿನಿಂದ ಕೆಳಗೆ ನೋಡಿದರೆ ಟ್ರಂಕು ಹೊತ್ತ ಒಬ್ಬ ಹೆಂಗಸು, ಹಿಂದೆ ಎರಡು ಮಕ್ಕಳು, ರೈಲಿನ ಹೆಸರು ಕೇಳಿದ ಕೂಡಲೇ ಹಳೆಯ ಪ್ಲಾಟ್‌ಫಾರ್ಮಿಗೆ ಓಡಿಬಿಟ್ಟರು. ಉಳಿದ ಮಾತು ಅವರ ಬೆನ್ನಿಗೆ ಬಿತ್ತು. ರೈಲು ಹೊರಟುಹೋಯಿತು. ಆಕೆ ಟ್ರಂಕಿನ ಮೇಲೆ ಕೂತು ಅಳುವುದನ್ನು ಇವರು ಪಾಳಿ ಮುಗಿಯುವವರೆಗೂ ನೋಡಬೇಕಾಯಿತು.

"ಓದೋನು ಆರಾಮಾಗಿ ಕುರ್ಚೀಲಿ ಕೂತಿದಾನೆ ಅಂದ್ಕೋಬೇಡಿ," ಎನ್ನುತ್ತಿದ್ದರು. "ಅವನು ಓಡ್ತಿದಾನೆ. ತಲೆ ಮೇಲೆ ಟ್ರಂಕಿದೆ. ಅವನಿಗೆ ಬೇಕಾದ್ದು ಮೊದಲು ಹೇಳಿ. ನಿಮ್ಮ ವಿಷಾದ ಆಮೇಲೆ."

ನಮ್ಮಲ್ಲಿ ಅನಂತಯ್ಯ ಎಂಬ ಹಿರಿಯರಿದ್ದರು. ವಿಮಾ ಕಚೇರಿಯಲ್ಲಿ ಅಧಿಕಾರಿ. ಅವರ ವಾಕ್ಯ ಶುರುವಾದರೆ ಪುಟ ತಿರುಗಿಸುವವರೆಗೆ ಮುಗಿಯುತ್ತಿರಲಿಲ್ಲ. ಸರ್ ಅವರ ಪುಟ ತೆಗೆದುಕೊಂಡಾಗಲೆಲ್ಲ "ಅನಂತಯ್ಯ, ಇದು ಪ್ಯಾಸೆಂಜರೋ ಗೂಡ್ಸೋ?" ಎನ್ನುತ್ತಿದ್ದರು. ಆದರೂ ಓದುತ್ತಿದ್ದರು. ಎಷ್ಟೋ ಸಲ ಅಂಥ ಗೂಡ್ಸನ್ನೂ ಒಂದೇ ಉಸಿರಿನಲ್ಲಿ ಎಳೆದು ತಂದು ಕೊನೆಯ ಡಬ್ಬಿಯವರೆಗೆ ಪ್ಲಾಟ್‌ಫಾರ್ಮಿಗೆ ಸೇರಿಸುತ್ತಿದ್ದರು. ನಾವು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆವು. ಆಡಿ ತಿಂಗಳಲ್ಲಿ, ಅಂದರೆ ನಮ್ಮ ಆಷಾಢದ ಹೊತ್ತಿಗೆ, ಇಡೀ ಬೀದಿಯಲ್ಲಿ ರಿಯಾಯಿತಿ ಮಾರಾಟ. ಕೆಳಗಿನ ಅಂಗಡಿಯವನು ಮೈಕು ಹಿಡಿದು "ವಾಂಗೋ ವಾಂಗೋ" ಎಂದು ಗಿರಾಕಿಗಳನ್ನು ಕರೆಯುತ್ತ ಕುಕ್ಕರಿನ ದರ ಕೂಗುತ್ತಿದ್ದ. ಸರ್ ಕಿಟಕಿ ಮುಚ್ಚುತ್ತಿರಲಿಲ್ಲ. "ಕೇಳ್ರಪ್ಪ, ಎಂಥ ಉಸಿರು ಅವನದು. ಒಂದು ಮಾತೂ ಹೆಚ್ಚಿಲ್ಲ," ಎಂದು ಮೆಚ್ಚುತ್ತಿದ್ದರು.

ನಾನು ಸೇರಿದ ಎರಡನೆಯ ವರ್ಷದ ಆಡಿ ತಿಂಗಳಲ್ಲಿ ಮೊದಲ ಸಲ ಕಿಟಕಿ ಮುಚ್ಚಿಸಿದರು. "ಆ ಗಲಾಟೆಗೆ ಓದಕ್ಕಾಗ್ತಿಲ್ಲ," ಎಂದರು. ಆ ದಿನ ನನ್ನ ಪುಟಕ್ಕೆ ನಾಲ್ಕು ಗೆರೆ ಬಿದ್ದವು. ಅದಕ್ಕಿಂತ ಮುಂಚೆ ಒಂದೋ ಎರಡೋ ಬೀಳುತ್ತಿದ್ದವು. ಮುಂದಿನ ವಾರ ಐದು. ನವರಾತ್ರಿ ಬರುವಷ್ಟರಲ್ಲಿ ಎಂಟು ಒಂಬತ್ತು. ಪ್ರತಿ ಭಾನುವಾರ ಸಂಜೆ ಗೆರೆ ಎಣಿಸಿ ದಿನಚರಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಅದರ ಪಕ್ಕದಲ್ಲಿ ಒಂದು ದಿನ ಬರೆದಿದ್ದೇನೆ: "ಏನಾಗುತ್ತಿದೆ ನನಗೆ?"

ಭಯ ಹೇಗೆ ಕೆಲಸ ಮಾಡುತ್ತದೆ ಎಂದು ಆಗ ತಿಳಿಯಿತು. ಗೆರೆ ಬಿದ್ದ ವಾಕ್ಯವನ್ನು ಎರಡು ಮಾಡಿದೆ. ಎರಡಕ್ಕೂ ಗೆರೆ ಬಿತ್ತು. ನಾಲ್ಕು ಮಾಡಿದೆ. ವಿಶೇಷಣ ತೆಗೆದೆ. ಹೋಲಿಕೆ ತೆಗೆದೆ. ಮನೆಯಲ್ಲಿ ಕನ್ನಡಿ ಮುಂದೆ ಓದಿ ನೋಡಿದರೆ ಎಲ್ಲ ಸರಿಯೇ ಇರುತ್ತಿತ್ತು. ಅವರ ಬಾಯಿಗೆ ಹೋದರೆ ಕೆಡುತ್ತಿತ್ತು. ನನ್ನ ಕಿವಿಯೇ ಸತ್ತುಹೋಗಿದೆ, ಕೆಟ್ಟದ್ದು ಕೆಟ್ಟದ್ದೆಂದು ತಿಳಿಯುತ್ತಿಲ್ಲ ಎಂದುಕೊಂಡೆ. ಡೇರಿಯಲ್ಲಿ ಅದಕ್ಕಿಂತ ದೊಡ್ಡ ಹೆದರಿಕೆಯಿಲ್ಲ. ಮೂಗು ಹೋದವರು ಆ ಕೆಲಸದಲ್ಲಿ ಇರಕೂಡದು. ದೀಪಾವಳಿ ಸಂಚಿಕೆಗೆಂದು ಒಂದು ಕಥೆ ಸಿದ್ಧ ಮಾಡಿದ್ದೆ. ಕಳಿಸಲಿಲ್ಲ.

ನನಗೊಬ್ಬಳಿಗೇ ಅಲ್ಲ. ಅನಂತಯ್ಯನವರ ಗೂಡ್ಸು ಗಾಡಿ ಒಂದೊಂದೇ ಡಬ್ಬಿಯಾಗಿ ಕಳಚಿ ಬಿತ್ತು. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ ಎರಡು ವಾರ ಸತತವಾಗಿ ಗೆರೆ ತಿಂದು, ಮೂರನೆಯ ವಾರ ಬರಲಿಲ್ಲ. ಸರ್ ಸಿಡುಕರಾದರು. "ಏನಾಗಿದೆ ನಿಮಗೆಲ್ಲ? ವಾಕ್ಯಕ್ಕೆ ಬೆನ್ನುಮೂಳೆನೇ ಇಲ್ಲ. ನಾಲ್ಕು ಪದ ಹೋಗೋದ್ರೊಳಗೆ ಕೈ ಬಿಡತ್ತೆ."

"ಬಿಸಿಲಿಗೆ ಇರಬೇಕು ಸಾರ್," ಎಂದರು ಅನಂತಯ್ಯ. ಹೊರಗೆ ಮಳೆ ಬರುತ್ತಿತ್ತು.

ಆಗೆಲ್ಲ ಕಾಫಿ ತರುತ್ತಿದ್ದವರು ಅವರ ಹೆಂಡತಿ. ನಾವು ಅವರನ್ನು ಅಮ್ಮ ಎಂದು ಕರೆಯುತ್ತೇವೆ. ಕೋಲಾರದ ಕಡೆಯವರು, ಮಾತಿನಲ್ಲಿ ಅರ್ಧ ತಮಿಳು. "ಅಯ್ಯೋ ಕಡವುಳೇ, ಮಕ್ಕಳನ್ನ ಯಾಕ್ರೀ ಹಾಗೆ ಬೈತೀರಿ?" ಎನ್ನುವರು. ನಮ್ಮ ಕಡೆ ತಿರುಗಿ, "ಇವರಿಗೆ ವಯಸ್ಸಾಗ್ತಾ ಸಿಡುಕು ಜಾಸ್ತಿ, ಸ್ನೇಹಾನೂ ಜಾಸ್ತಿ. ಮೆಟ್ಟಿಲು ಹತ್ತುವಾಗ ಎರಡನೇ ಮಹಡಿ ಸೇಟು ಜೊತೆ ಏನೋ ಮಾತು ಪೇಸ್ತಾ ನಿಂತ್ಬಿಡ್ತಾರೆ. ಮುಂಚೆ ಅವನ ಮೊಖ ಕಂಡ್ರೆ ಆಗ್ತಿರಲಿಲ್ಲ!"

ನಾವು ನಕ್ಕು ಕಾಫಿ ಕುಡಿದೆವು. ಆ ಮಾತನ್ನೂ ನಾನು ದಿನಚರಿಯಲ್ಲಿ ಬರೆದುಕೊಂಡಿದ್ದೇನೆ, ತಮಾಷೆ ಎಂದು.

ಧನುರ್ಮಾಸದ ಹೊತ್ತಿಗೆ, ಇಲ್ಲಿಯ ಮಾರ್ಗಳಿ ತಿಂಗಳಲ್ಲಿ, ಬರೆಯುವುದನ್ನೇ ಬಿಟ್ಟುಬಿಡೋಣ ಎಂದು ಮನಸ್ಸು ಮಾಡಿದೆ. ಬಿಡುವ ಮುಂಚೆ ಒಂದನ್ನು ಪರೀಕ್ಷಿಸಬೇಕು ಅನ್ನಿಸಿತು. ನಾನು ಎಷ್ಟು ಕೆಟ್ಟಿದ್ದೇನೆ ಎಂದು ಅಳೆಯಲು ಒಂದು ಒಳ್ಳೆಯ ಮಾದರಿ ಬೇಕಿತ್ತು. ಡೇರಿಯಲ್ಲಿ ಹಾಗೆಯೇ ಮಾಡುತ್ತೇವೆ. ಯಂತ್ರದ ಮೇಲೆ ಅನುಮಾನ ಬಂದರೆ ಮೊದಲೇ ಗೊತ್ತಿರುವ ಹಾಲನ್ನು ಹಾಕಿ ನೋಡುತ್ತೇವೆ. ಹಿಂದಿನ ವರ್ಷ ನನಗೆ "ಸರಿ" ತಂದುಕೊಟ್ಟ ಒಂದು ಪುಟವಿತ್ತು. ಒಬ್ಬ ಟ್ಯಾಂಕರಿನ ಡ್ರೈವರು, ಅವನು ತಂದ ಹಾಲು ಕೆಟ್ಟಿದೆ ಎಂದ ಮೇಲೂ ನಲ್ಲಿಯ ಹತ್ತಿರ ಮುಖ ತೊಳೆದುಕೊಂಡು ಬಂದು "ಇನ್ನೊಂದ್ಸಲ ಮೂಸಿ ನೋಡಮ್ಮ" ಎಂದು ಕೇಳಿದ್ದು. ಸರ್ ಅದನ್ನು ಎಲ್ಲೂ ನಿಲ್ಲದೆ ಓದಿದ್ದರು. ಡ್ರೈವರನ ಹೆಸರು ಮತ್ತು ಮೊದಲ ಸಾಲನ್ನು ಮಾತ್ರ ಬದಲಿಸಿ, ಅದನ್ನೇ ಹೊಸದಾಗಿ ನಕಲು ಮಾಡಿದೆ. ನನ್ನ ಈಗಿನ ಪುಟಗಳಿಗೂ ಇದಕ್ಕೂ ಎಷ್ಟು ವ್ಯತ್ಯಾಸ ಎಂದು ಅವರ ಬಾಯಿಂದಲೇ ಕೇಳಬೇಕಿತ್ತು.

ಅವರು ಹೆಬ್ಬೆರಳು ಒತ್ತಿದರು. ಓದಿದರು. ಮೂರನೆಯ ಸಾಲಿನಲ್ಲಿ ನಿಂತರು.

ಗೆರೆ ಎಳೆದರು. ಮತ್ತೆ ಓದಿದರು, ಮತ್ತೆ ನಿಂತರು. ಆಮೇಲೆ ಇನ್ನೊಂದು ಗೆರೆ. ಮೊದಲು ನನಗೆ ಆದದ್ದು ಸಂತೋಷ. ಹಾಗಾದರೆ ನಾನು ಕೆಟ್ಟಿಲ್ಲ! ಹೋದ ವರ್ಷದ ಒಳ್ಳೆಯ ಹಾಲಿಗೂ ಇದೇ ಗತಿ. ಆ ಸಂತೋಷದಲ್ಲಿ ಪುಟದಿಂದ ಕಣ್ಣೆತ್ತಿದೆ.

ಅಷ್ಟು ತಿಂಗಳು ನಾವೆಲ್ಲ ನೀಲಿ ಪೆನ್ಸಿಲ್ಲಿನ ಮೊನೆಯನ್ನೇ ನೋಡುತ್ತಿದ್ದೆವು. ಯಾರೂ ಅವರನ್ನು ನೋಡಿರಲಿಲ್ಲ. ಅವರ ಎಡಗೈ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು. ಪ್ರತಿ ನಿಲುಗಡೆಯಲ್ಲೂ ಕತ್ತಿನ ಬುಡದ ಕುಳಿ ಒಳಕ್ಕೆ ಜಗ್ಗುತ್ತಿತ್ತು, ಮೀನಿನ ಕಿವಿರಿನ ಹಾಗೆ. ಉಗುರುಗಳಲ್ಲಿ ರಕ್ತದ ಬಣ್ಣವಿರಲಿಲ್ಲ. ಅವರ ಕಣ್ಣು ಮಾತ್ರ ಪುಟದ ಮೇಲೆ, ನನ್ನ ತಪ್ಪನ್ನು ಹುಡುಕುತ್ತಿತ್ತು.

ನಿಲ್ಲುತ್ತಿರುವುದು ತಮ್ಮ ಉಸಿರೆಂದು ಅವರಿಗೂ ಗೊತ್ತಿರಲಿಲ್ಲ. ತಮ್ಮ ನಿಯಮದ ಮೇಲೆ ಅವರಿಗೆ ನಮಗಿಂತ ಹೆಚ್ಚು ನಂಬಿಕೆ.

ಆ ವಾರ ನಾನು ಡೇರಿಯಲ್ಲಿ ಎರಡು ಸಲ ಲೆಕ್ಕ ತಪ್ಪಿದೆ. ಅವ್ವನಿಗೆ ಹೇಳಲಿಲ್ಲ. ಅನಂತಯ್ಯನವರಿಗೆ ಫೋನು ಮಾಡಲು ಹೋಗಿ ಬಿಟ್ಟೆ. ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಮಕ್ಕಳ ಭಯ. ಹೇಳದಿದ್ದರೆ ಪ್ರತಿ ಭಾನುವಾರ ಇನ್ನೊಂದು ಗೆರೆ. ಶನಿವಾರದ ಹೊತ್ತಿಗೆ ಎರಡನೆಯ ಭಯ ಮೊದಲನೆಯದಕ್ಕಿಂತ ದೊಡ್ಡದಾಯಿತು. ಭಾನುವಾರ ಒಂಬತ್ತು ಗಂಟೆಗೇ, ಬೇರೆಯವರು ಬರುವ ಮುಂಚೆ ಹೋದೆ. ಹಳೆಯ ಪುಟವನ್ನೂ ಹೊಸ ನಕಲನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ.

ಅವರು ತಮ್ಮದೇ ಅಕ್ಷರದ "ಸರಿ"ಯನ್ನು ನೋಡಿದರು. ಪಕ್ಕದ ಗೆರೆಗಳನ್ನು ನೋಡಿದರು.

"ಹಳೇ ಪುಟ ಕೊಟ್ಟು ನನ್ನ ಪರೀಕ್ಷೆ ಮಾಡಿದ್ಯಾ?"

"ನನ್ನ ಪರೀಕ್ಷೆ ಮಾಡ್ಕೊಂಡೆ ಸರ್."

"ಏನಮ್ಮ ನಿನ್ನ ಧೈರ್ಯ! ಹೋದ ವರ್ಷ ನಾನು ಸಡಿಲ ಬಿಟ್ಟಿರಬೇಕು. ಈಗ ಬಿಗಿ ಮಾಡಿದೀನಿ." ಸಿಟ್ಟಿನಲ್ಲಿ ಆಡಿದ ಆ ಪುಟ್ಟ ಮಾತಿಗೂ ಅವರು ಎರಡು ಕಡೆ ನಿಂತರು. ನಿಂತದ್ದು ಅವರಿಗೇ ಕೇಳಿಸಿತು. ಆ ಕ್ಷಣ ಅವರ ಮುಖದಲ್ಲಿ ಬಂದ ಭಯವನ್ನು ನಾನು ಅದುವರೆಗೆ ದೊಡ್ಡವರ ಮುಖದಲ್ಲಿ ನೋಡಿರಲಿಲ್ಲ.

ಗೆರೆ ಬಿದ್ದ ಪುಟವನ್ನು ನನ್ನ ಕಡೆ ತಳ್ಳಿದರು. "ಓದು."

ನಾನು ಅಲ್ಲಿ ಯಾವತ್ತೂ ಓದಿರಲಿಲ್ಲ. ಓದುವುದು ಅವರ ಕೆಲಸ. ನನ್ನ ಕನ್ನಡ ಓದು ತಡವರಿಕೆಯದು, ಒತ್ತಕ್ಷರ ಬಂದರೆ ಎಡವುತ್ತೇನೆ. ಆದರೂ ಪ್ರತಿ ವಾಕ್ಯದ ಕೊನೆಗೆ ನನ್ನ ಉಸಿರು ಉಳಿದಿತ್ತು. ಎಲ್ಲ ವಾಕ್ಯದಲ್ಲೂ. ಒಂದು ಕಡೆಯಾದರೂ ನಿಲ್ಲಬೇಕು ಎಂದು ದೇವರನ್ನು ಬೇಡಿಕೊಂಡಿದ್ದೆ. ನಿಲ್ಲಲಿಲ್ಲ.

ಅವರು ಕಣ್ಣು ಮುಚ್ಚಿಕೊಂಡು ಕೇಳಿದ್ದರು. "ಎಲ್ಲೂ ನಿಲ್ಲಲಿಲ್ಲ ನೀನು," ಎಂದರು.

ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದು ಬಂದರು. "ಏನಂತೆ? ಬೆಳಿಗ್ಗೇನೇ ಓದು ಶುರುವಾ?"

"ಹಾಲ್ನೋಳ ವಾಕ್ಯ ಸರಿಯಾಗಿದೆಯಂತೆ ಕಣೇ."

"ಒಳ್ಳೇದಾಯ್ತಲ್ಲ! ಪಾವಂ, ಎಷ್ಟು ದಿನದಿಂದ ಒದ್ದಾಡ್ತಿತ್ತು ಮಗು."

"ಒಳ್ಳೇದಾಗಲಿಲ್ಲ ಕಣೇ," ಎಂದರು ಅವರು. "ನಿಂತಿದ್ದು ನಾನು."

ಅಮ್ಮನ ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕಿತು. ಎರಡನೆಯ ಮಹಡಿಯಲ್ಲಿ ಸರ್ ಸೇಟು ಜೊತೆ ನಿಲ್ಲುತ್ತಿದ್ದದ್ದು ಉಸಿರಿಗಾಗಿ ಎಂದು ಅವರಿಗೆ ಆಗ ಹೊಳೆದಿರಬೇಕು.

ಪೋರೂರಿನ ಒಂದು ಆಸ್ಪತ್ರೆಗೆ ಪೊಂಗಲಿನ ವಾರ ಹೋದೆವು. ಅಮ್ಮ, ಸರ್, ನಾನು. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಮೆಲುದನಿ. ಯಂತ್ರಗಳಿಗೆ ಕಳಿಸುವ ಮುಂಚೆ ಅವರು ಹೇಳಿದ್ದು ಇಷ್ಟು: "ಒರೇ ಮೂಚ್ಚಿಲೆ ಎಣ್ಣುಂಗ ಸಾರ್." ಒಂದೇ ಉಸಿರಿನಲ್ಲಿ ಎಣಿಸಿ ಎಂದು.

ಸರ್ ನನ್ನ ಕಡೆ ನೋಡಿದರು. ಕಣ್ಣಿನಲ್ಲಿ ಒಂದು ಚೂರು ನಗು. "ಇವರೂ ನಮ್ಮ ಕಡೆಯೋರೇ," ಎಂದರು. ಆಮೇಲೆ ಹೆಬ್ಬೆರಳನ್ನು ಡಾಕ್ಟರ ಮೇಜಿನ ಮೇಲೆ ಒತ್ತಿದರು. ಒಣ್ಣು, ರೆಂಡು ಎಂದು ಶುರು ಮಾಡಿದರು. ಪ್ಲಾಟ್‌ಫಾರ್ಮಿನ ಸಂಖ್ಯೆಗಳನ್ನು ಹೇಳಿ ಹೇಳಿ ಪಳಗಿದ ದನಿ. ಹನ್ನೊಂದು ಮುಟ್ಟಲಿಲ್ಲ. ನಾನು ನೆಲ ನೋಡಿದೆ. ಅವರ ಎದುರು ನಾವು ಕೂರುತ್ತಿದ್ದ ಹಾಗೆ ಈಗ ಅವರು ಕೂತಿದ್ದರು, ಅಂಗೈ ಬಿಚ್ಚಿ, ತೊಡೆಯ ಮೇಲಿಟ್ಟುಕೊಂಡು.

"ಎಪ್ಪೋಲೇರುಂದು ಇಪ್ಪಡಿ?" ಯಾವಾಗಿನಿಂದ ಹೀಗೆ ಎಂದು ಡಾಕ್ಟರು ಕೇಳಿದರು. ಅಮ್ಮನಿಗೆ ಗೊತ್ತಿರಲಿಲ್ಲ. ಸರ್‌ಗೂ ಗೊತ್ತಿರಲಿಲ್ಲ.

"ಆಡಿ ಮಾಸದಿಂದ," ಎಂದೆ ನಾನು.

ಶ್ವಾಸಕೋಶ ಒಳಗಿನಿಂದ ಗಟ್ಟಿಯಾಗುತ್ತಿದೆ ಎಂದು ಡಾಕ್ಟರು ವಿವರಿಸಿದರು. ಒದ್ದೆ ಸ್ಪಂಜು ಒಣಗಿ ಬಿರುಸಾಗುವ ಹಾಗೆ. ಬಿರುಸಾದದ್ದು ಮತ್ತೆ ಮೆತ್ತಗಾಗುವುದಿಲ್ಲ. ಮಾತ್ರೆಯಿಂದ ಅದರ ಓಟ ನಿಧಾನ ಮಾಡಬಹುದು. ಕೆಲವು ತಿಂಗಳು ಮುಂಚೆ ಬಂದಿದ್ದರೆ ಇನ್ನಷ್ಟು ನಿಧಾನ ಮಾಡಬಹುದಿತ್ತು. ಕೊನೆಯ ವಾಕ್ಯವನ್ನು ಅವರು ಬಹಳ ಮೃದುವಾಗಿ ಹೇಳಿದರು. ಅದರಲ್ಲಿ ಒಂದು ಮಾತೂ ಹೆಚ್ಚಿರಲಿಲ್ಲ.

ವಾಪಸು ಬರುವಾಗ ಆಟೋ ಹಿಡಿದೆವು. ಪೋರೂರು ಕೆರೆ ದಾಟುವಾಗ ಸರ್ ನನ್ನ ಕೈ ತಟ್ಟಿದರು. "ಭಾನುವಾರ ಎಲ್ಲರಿಗೂ ಬರಕ್ಕೆ ಹೇಳು. ಆ ಬ್ಯಾಂಕಿನ ಹುಡುಗೀಗೂ. ಆಡಿಯಿಂದ ಈಚೆಗೆ ಕತ್ತರಿಸಿದ್ದನ್ನೆಲ್ಲ ವಾಪಸ್ ತರಲಿ."

ಎಲ್ಲರೂ ಬಂದರು. ಬ್ಯಾಂಕಿನ ಹುಡುಗಿ ಅವರ ಕಾಲು ಮುಟ್ಟಿ ಅತ್ತಳು. ಆಸ್ಪತ್ರೆಯಿಂದ ತಂದ ಆಕ್ಸಿಜನ್ ಯಂತ್ರ ಮೂಲೆಯಲ್ಲಿ ಗೊರಗೊರ ಎನ್ನುತ್ತಿತ್ತು. ಸರ್ ಮೂಗಿಗೆ ಸಣ್ಣ ಕೊಳವೆ. "ನಿಮ್ಮ ವಾಕ್ಯ ಎಲ್ಲ ನನ್ನ ಶ್ವಾಸಕೋಶದ ಅಳತೆಗೆ ಕತ್ತರಿಸಿಬಿಟ್ಟೆ," ಎಂದರು, ತುಂಡು ತುಂಡಾಗಿ. "ಒಬ್ಬನ ಉಸಿರನ್ನ ನಂಬಿ ಬರೀಬೇಡಿ. ನಾನು ಹೇಳಿದ್ದು ಅರ್ಧ ಪಾಠ. ಒಂದು ಬಾಯಿ ನಿಂತರೆ, ಇನ್ನೊಂದು ಬಾಯಿಗೆ ಕೊಡಿ. ಎರಡೂ ಅಲ್ಲೇ ನಿಂತರೆ ಮಾತ್ರ ಗೆರೆ."

ಅನಂತಯ್ಯ ತಮ್ಮ ಹಳೆಯ ಗೂಡ್ಸು ಗಾಡಿಯೊಂದನ್ನು ಎತ್ತಿಕೊಂಡು ಬಂದಿದ್ದರು. ಎದ್ದು ನಿಂತು ಓದಿದರು. ಅರ್ಧದಲ್ಲಿ ಅವರ ಮುಖ ಕೆಂಪಾಯಿತು, ಕೊನೆಗೆ ಕಣ್ಣಲ್ಲಿ ನೀರು ಬಂತು, ದೊಪ್ಪನೆ ಕೂತರು. ಸರ್ ಕೊಳವೆಯೊಳಗೇ ನಕ್ಕರು. "ಪ್ಲಾಟ್‌ಫಾರ್ಮ್ ಬಂತಾ ಅನಂತಯ್ಯ?"

"ಬಂತು ಸಾರ್. ಇಂಜಿನ್ನು ಹೋಯ್ತು."

ಆ ನಗು ಕೆಮ್ಮಾಗಿ ತಿರುಗಿ, ಕೆಮ್ಮು ನಿಲ್ಲದೆ, ಅಮ್ಮ ಓಡಿ ಬಂದರು. ನಾವು ಎದ್ದು ಗೋಡೆಗೆ ಒರಗಿ ನಿಂತೆವು. ಆ ಮನೆಯಲ್ಲಿ ನಕ್ಕದ್ದು ಅದೇ ಕೊನೆ. ನಗಿಸಲು ಹೆದರುತ್ತಿದ್ದೆವು.

ಅಲ್ಲಿಂದ ಮುಂದೆ ನಾನು ಓದಿದೆ. ಅವರು ಹೆಬ್ಬೆರಳು ಒತ್ತುತ್ತಿದ್ದರು, ನಾನು ಶುರು ಮಾಡುತ್ತಿದ್ದೆ. ನಡುವೆ ನಿಂತಾಗಲೆಲ್ಲ ಅದೇ ಅನುಮಾನ, ಕೆಟ್ಟದ್ದು ಯಾವುದು? ವಾಕ್ಯವೋ, ನಾನೋ? ಪುಟವನ್ನು ಪಕ್ಕದವರಿಗೆ ದಾಟಿಸಿ, ಅವರ ಬಾಯಿಯನ್ನೇ ನೋಡುತ್ತ ಕಾಯುತ್ತಿದ್ದೆ.

ನನಗೆ ಮಾತ್ರ ಅವರು ಒಂದು ಕೆಲಸ ಕೊಟ್ಟಿದ್ದರು. "ನನಗೋಸ್ಕರ ಚಿಕ್ಕದು ಮಾಡ್ಕೊಂಡೆಯಲ್ಲ. ಒಂದು ಉದ್ದದ್ದು ಬರಿ. ನನ್ನ ಹಳೇ ಉಸಿರಿನಷ್ಟು." ಪ್ರತಿ ವಾರ ಪ್ರಯತ್ನಿಸಿದೆ. ಆಗಲಿಲ್ಲ. ಐದಾರು ಪದ ಹೋಗುವಷ್ಟರಲ್ಲಿ ಅವರ ಕತ್ತಿನ ಕುಳಿ ಕಣ್ಣಿಗೆ ಬಂದು ಕೈ ತಾನಾಗಿ ಚುಕ್ಕೆ ಇಡುತ್ತಿತ್ತು. "ಆಯ್ತಾ?" ಎಂದು ಕೇಳುವರು. ಮಾತು ಕಷ್ಟವಾದ ಮೇಲೆ ಹುಬ್ಬೆತ್ತಿ ಕೇಳುವರು. "ಮುಂದಿನ ವಾರ ಸರ್," ಎನ್ನುವೆ. ಬೇಸಿಗೆಯಲ್ಲಿ ಕರೆಂಟು ಹೋದಾಗ ಯಂತ್ರದ ಸದ್ದು ನಿಂತು, ಬದಲಿ ಸಿಲಿಂಡರು ಜೋಡಿಸುವವರೆಗಿನ ಆ ನಿಶ್ಶಬ್ದದಲ್ಲಿ, ಇನ್ನು ಮುಂದಿನ ವಾರ ಇರುವುದಿಲ್ಲ ಎಂದು ಎಲ್ಲರಿಗೂ ಅನ್ನಿಸುತ್ತಿತ್ತು. ಮೇ ತಿಂಗಳ ಕತ್ತರಿ ಬಿಸಿಲು ಕಳೆದ ಮೇಲೆ ಒಂದು ಬುಧವಾರ ಬೆಳಿಗ್ಗೆ ಅಮ್ಮ ಫೋನು ಮಾಡಿದರು. ಅಂದಿನ ದಿನಚರಿಯಲ್ಲಿ ತಾರೀಕು ಮಾತ್ರ ಇದೆ.

ನನ್ನ ಒಂದು ಕಥೆ ಈಚೆಗೆ ಅಚ್ಚಾಯಿತು. ಓದಿದವರೊಬ್ಬರು, ನಿಮ್ಮ ವಾಕ್ಯಗಳು ಚಿಕ್ಕವು, ಚೆನ್ನಾಗಿವೆ, ಅದು ನಿಮ್ಮ ಶೈಲಿ ಎಂದರು. ಆ ಅಳತೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ಅದು ಆಡಿಯಿಂದ ಮಾರ್ಗಳಿಯವರೆಗೆ ಒಬ್ಬ ಮನುಷ್ಯನಲ್ಲಿ ಉಳಿದಿದ್ದ ಗಾಳಿ.

ಭಾನುವಾರ ಈಗಲೂ ಅಲ್ಲಿ ಸೇರುತ್ತೇವೆ. ಕಳೆದ ವಾರ ಈ ಬರಹವನ್ನು ಅಮ್ಮನ ಕೈಗೆ ಕೊಟ್ಟೆ. ಅವರು ಕೋಲಾರದಲ್ಲಿ ಕನ್ನಡ ಶಾಲೆ ಓದಿದವರು, ನನಗಿಂತ ಚೆನ್ನಾಗಿ ಓದುತ್ತಾರೆ. ಕನ್ನಡಕ ಹಾಕಿಕೊಂಡು, ಹೆಬ್ಬೆರಳನ್ನು ಮೇಜಿನ ಮೇಲೆ ಒತ್ತಿ ಶುರು ಮಾಡಿದರು. ಸೌಟಿನ ಮಾತು ಬಂದ ಕಡೆ ಸ್ವಲ್ಪ ನಿಂತರು. ಪಕ್ಕದವರಿಗೆ ದಾಟಿಸಲಿಲ್ಲ. ತಾವೇ ಮುಂದುವರಿಸಿ ಕೊನೆಗೆ ಬಂದರು, ನಾನು ಹೇಗೋ ಹಟ ಹಿಡಿದು, ಚುಕ್ಕೆ ಇಡಹೋದ ಕೈಯನ್ನು ಪ್ರತಿ ಸಲ ತಡೆದು ಬರೆದ ಈ ವಾಕ್ಯಕ್ಕೆ:

ಮಳೆ ಹಿಡಿದ ಸಂಜೆ ತಡವಾದ ರೈಲಿಗೆ ಕಾಯುತ್ತಿದ್ದ ಸಾವಿರ ಜನರ ನಡುವೆ ಟ್ರಂಕು ಹೊತ್ತ ಒಬ್ಬ ಹೆಂಗಸು ಎರಡು ಮಕ್ಕಳ ಕೈ ಹಿಡಿದು ಯಾವ ಕಡೆ ಓಡಲಿ ಎಂದು ತಲೆಯೆತ್ತಿದಾಗ, ಮೇಲಿನ ಗಾಜಿನ ಗೂಡಿನಲ್ಲಿ ಬಾಯಿ ಒಣಗಿಸಿಕೊಂಡು ಕೂತಿದ್ದ ಒಬ್ಬರು ಹೆಬ್ಬೆರಳು ಒತ್ತಿ, ಅವಳಿಗೆ ಬೇಕಾದ ಸಂಖ್ಯೆಯನ್ನು ಎಲ್ಲಕ್ಕಿಂತ ಮೊದಲು ಹೇಳಿ, ಅವಳು ಸರಿಯಾದ ಕಡೆ ತಿರುಗಿದ್ದನ್ನು ನೋಡುತ್ತ ಉಳಿದ ಮಾತನ್ನು ಕೊನೆಯವರೆಗೆ ಹೇಳಿದರು.

ಆ ವಾಕ್ಯದಲ್ಲಿ ಅಮ್ಮ ಎಲ್ಲಿ ನಿಂತರೋ ನನಗೆ ತಿಳಿಯದು. ನಾನು ಪುಟವನ್ನು ನೋಡುತ್ತಿರಲಿಲ್ಲ, ಅವರ ಕತ್ತಿನ ಕುಳಿಯನ್ನು ನೋಡುತ್ತಿದ್ದೆ.